ಹನ್ನೆರಡು ದಿನ ತಡ

ಮುಟ್ಟು ಹನ್ನೆರಡು ದಿನ ತಡವಾಗಿತ್ತು. ಬಟ್ಟೆ ಹೊಲಿದು ಬದುಕುವ ಆ ಹೆಂಗಸು ಹೊಲಿಗೆ ಬದಿಗಿಟ್ಟು ಮತ್ತೆ ಮತ್ತೆ ದಿನ ಎಣಿಸುತ್ತಿದ್ದಳು. ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಸಾವಿನ ದವಡೆಯಿಂದ ಪಾರಾಗಿ ಬಂದವಳು ಅವಳು. "ಇನ್ನೊಂದು ಬಸಿರಾದ್ರೆ ಜೀವಕ್ಕೇ ಅಪಾಯ ತಾಯಿ" ಎಂದು ಡಾಕ್ಟರು ಅಂದೇ ಎಚ್ಚರಿಸಿದ್ದರು.

ಗರ್ಭನಿರೋಧಕ ಮಾತ್ರೆ ಮುಗಿದು ತಿಂಗಳ ಮೇಲಾಗಿತ್ತು. ಐದೇ ವರ್ಷದಲ್ಲಿ ಬಡಾವಣೆಯ ಜನ ಮೂರು ಪಟ್ಟಾಗಿದ್ದರು. ಆಸ್ಪತ್ರೆ ಮಾತ್ರ ಅದೇ ಎರಡು ಕೋಣೆ. ಮಾತ್ರೆಗೆಂದು ಎರಡು ಸಲ ಸಾಲಿನಲ್ಲಿ ನಿಂತು ಬರಿಗೈಲಿ ಮರಳಿದ್ದಳು.

ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು. ಊಟಕ್ಕೆ ಕೂತಾಗ ಅವನಿಗೆ ಹೇಳಿದಳು.

"ಆದ್ರೆ ಆಗ್ಲಿ ಬಿಡೇ. ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನಾ?"

"ಹುಲ್ಲೋ ಅನ್ನವೋ, ಮಕ್ಕಳಿಗೆ ಹಾಕೋಕೆ ನಾನು ಇರ್ಬೇಕಲ್ಲ?"

ಅವನು ತುತ್ತನ್ನು ತಟ್ಟೆಗಿಳಿಸಿ, "ನಾಳೇನೇ ಆಸ್ಪತ್ರೆಗೆ ಹೋಗೋಣ" ಎಂದ. ಮರುದಿನ ರಜೆ ಹಾಕಿ ತಾನೂ ಜೊತೆಗೆ ಬಂದ.

ನರ್ಸಕ್ಕ ಬಸಿರು ಪರೀಕ್ಷೆಯ ಪಟ್ಟಿ ಮೇಜಿನ ಮೇಲಿಟ್ಟರು. ಐದು ನಿಮಿಷ ಅವಳು ಅದರಿಂದ ಕಣ್ಣು ತೆಗೆಯಲಿಲ್ಲ. ಮೂಡಿದ್ದು ಒಂದೇ ಗೆರೆ.

"ಬಸಿರಿಲ್ಲ. ಮಾತ್ರೆ ಬಿಟ್ಟಾಗ ಮುಟ್ಟು ಹಿಂದೆಮುಂದೆ ಆಗುತ್ತೆ. ವಾರ ಕಳೆದ್ರೂ ಆಗದಿದ್ರೆ ಮತ್ತೆ ಬಾಮ್ಮ. ಅಲ್ಲೀವರೆಗೂ ಈ ಕಾಂಡೋಮ್ ಇರ್ಲಿ."

"ಇವಳಿಗೆ ಆಪರೇಷನ್ ಮಾಡ್ಬಿಡಿ ಸಿಸ್ಟರ್" ಎಂದ ಗಂಡ.

"ಮೈಯಲ್ಲಿ ರಕ್ತವೇ ಇಲ್ಲ, ಈಗ್ಲೇ ಬೇಡ. ಮಕ್ಕಳು ಸಾಕು ಅಂತ ಇಬ್ಬರಿಗೂ ಖಾತ್ರಿಯಿದ್ರೆ ನೀವೇ ಮಾಡಿಸ್ಕೋಬಹುದಲ್ಲ? ಅದು ಇನ್ನೂ ಸುಲಭ."

"ನಾನಾ? ಶಕ್ತಿ ಹೋದ್ರೆ ಮೂಟೆ ಯಾರು ಹೊರ್ತಾರೆ?"

ಎರಡು ದಿನ ಅವನು ಗೋದಾಮಿನಲ್ಲಿ ಅವರಿವರನ್ನು ವಿಚಾರಿಸಿದ. ಮೂರನೆಯ ಸಂಜೆ, ಒಂದೇ ಸಲಕ್ಕೆ ಎರಡು ಮೂಟೆ ಎತ್ತುತ್ತಾನೆಂದು ಎಲ್ಲರೂ 'ಜೋಡಿಮೂಟೆ' ಎಂದೇ ಕರೆಯುವ ಗೆಳೆಯನನ್ನು ಮನೆಗೇ ಕರೆತಂದ.

"ನಾನು ಮಾಡಿಸ್ಕೊಂಡು ನಾಲ್ಕು ವರ್ಷ ಆಯ್ತು ತಂಗಿ. ಎರಡು ದಿನ ಮಲಗಿದ್ದೆ, ಒಂದು ವಾರ ಭಾರ ಎತ್ತಲಿಲ್ಲ, ಅಷ್ಟೇ. ಶಕ್ತಿ ಎಲ್ಲೂ ಓಡಿಹೋಗಿಲ್ಲ, ಬೇಕಾದ್ರೆ ನನ್ನ ಹೆಂಡ್ತೀನೇ ಕೇಳು! ಆದ್ರೆ ಮೂರು ತಿಂಗಳು ಕಾಂಡೋಮ್ ಬಿಡಬಾರ್ದು. ಪರೀಕ್ಷೆ ಮಾಡಿ ಡಾಕ್ಟರು 'ಸರಿ' ಅಂದ ಮೇಲೇ ನಿಶ್ಚಿಂತೆ."

ಅದೇ ವಾರ ಅವಳಿಗೆ ಮುಟ್ಟಾಯಿತು. ಮುಂದಿನ ವಾರ ಗಂಡ ಆಪರೇಷನ್ ಮಾಡಿಸಿಕೊಂಡ. ಮೂರು ತಿಂಗಳೂ ಅವಳಿಗೆ ಅಳುಕು ತಪ್ಪಲಿಲ್ಲ. 'ಸರಿ' ಎಂಬ ವರದಿ ಕೈಗೆ ಬಂದ ದಿನ ಹೊಸ್ತಿಲಲ್ಲೇ ಕೂತು ಮನಸಾರೆ ಅತ್ತಳು.

ಅಣ್ಣಂದಿರೇ, ನಿಮ್ಮ ಮನೆಯಾಕೆಯೂ ಹೀಗೇ ಹೆದರಿ ಬಾಯಿಮುಚ್ಚಿಕೊಂಡಿರಬಹುದು. ಇವತ್ತೇ ಕೇಳಿ. ಅಕ್ಕಂದಿರೇ, ಸಾಲು ಉದ್ದವಿದೆಯೆಂದು ಸುಮ್ಮನೆ ಮರಳಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿಕೊಂಡೇ ಬನ್ನಿ. ಮಾತ್ರೆಯೋ, ಕಾಪರ್-ಟಿಯೋ, ಆಪರೇಷನ್ನೋ, ಆಯ್ಕೆ ನಿಮ್ಮದು. ಆದರೆ ಆಸ್ಪತ್ರೆಗೆ ಒಬ್ಬರೇ ಹೋಗಬೇಡಿ, ಇಬ್ಬರೂ ಹೋಗಿ.