ಉಡಾಫೆಗೊಂದು ವಾಕ್ಯ

ಕಂಪನಿಯ ನೋಟಿಸು ಕೈಗೆ ಬಂದಾಗ ಲಿಫ್ಟ್ ಮೆಕ್ಯಾನಿಕ್ ಮೊದಲು ನಕ್ಕುಬಿಟ್ಟ. ಹದಿನೇಳು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಒಂದೂ ದೂರು ಬಂದಿರಲಿಲ್ಲ. ಈಗ ಬಂದದ್ದೂ ಕೆಲಸದ ಬಗ್ಗೆಯಲ್ಲ, ಬಾಯಿಯ ಬಗ್ಗೆ. 'ಗ್ರಾಹಕರೊಂದಿಗೆ ಉಡಾಫೆಯಿಂದ ವರ್ತಿಸಿದ್ದೀರಿ. ಮೂರು ದಿನದೊಳಗೆ ಉತ್ತರ ಕೊಡಿ.'

ದೂರು ಕೊಟ್ಟವರು ನಾಲ್ಕನೇ ಮಹಡಿಯ ನಿವೃತ್ತ ಕನ್ನಡ ಮೇಡಂ. ಹಿಂದಿನ ವಾರ ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಾಗ ಅವರೊಬ್ಬರೇ ಒಳಗಿದ್ದರು. ಇವನು ಬಂದು, ಬಾಗಿಲು ತೆರೆದು, ಕೈ ಹಿಡಿದು ಇಳಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. "ಏನಮ್ಮ, ಒಳ್ಳೇ ರೆಸ್ಟ್ ಸಿಕ್ತಲ್ಲ" ಅಂದಿದ್ದ. ಅಷ್ಟೇ.

"ಉಡಾಫೆ ಅಂದ್ರೆ ತಮಾಷೇನೇ ತಾನೆ?" ಎಂದು ಹೆಂಡತಿಯನ್ನು ಕೇಳಿದ.

"ನಮ್ಮಮ್ಮ ಕಾಲು ಮುರ್ಕೊಂಡಾಗ ನೀವು, 'ಅತ್ತೆ, ಇನ್ಮೇಲೆ ಚಪ್ಪಲಿ ಅರ್ಧ ಜೊತೆ ಸಾಕು' ಅಂದ್ರಲ್ಲ, ಅದು." ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಅತ್ತೆ ನಕ್ಕಿದ್ರು."

"ಅಳಿಯ ಅಂತ ನಕ್ಕಿದ್ರು."

ಅದು ಅವನಿಗೆ ಚುರುಕ್ಕೆಂದಿತು. ಮರುದಿನ ಬೆಳಿಗ್ಗೆಯೇ ಮೇಡಂ ಮನೆಯ ಬೆಲ್ ಒತ್ತಿದ.

"ಲಿಫ್ಟ್ ಸರಿಯಾಯ್ತಲ್ಲ, ಇನ್ನೇನು?" ಅವರ ಮುಖ ಬಿಗಿದಿತ್ತು.

"ದೂರಲ್ಲಿ ನೀವು ಬರೆದ ಪದಕ್ಕೆ ಅರ್ಥ ಕೇಳೋಣ ಅಂತ ಬಂದೆ ಮೇಡಂ. ತಿಳೀದೆ ಒಪ್ಕೊಳ್ಳೋದು ಹೇಗೆ, ಇಲ್ಲ ಅನ್ನೋದು ಹೇಗೆ?"

ಮೂವತ್ತು ವರ್ಷ ಭಾಷೆ ಕಲಿಸಿದವರಿಗೆ ಅರ್ಥ ಕೇಳಿಕೊಂಡು ಬಂದವನನ್ನು ಬಾಗಿಲಿಂದಲೇ ಅಟ್ಟಲು ಮನಸ್ಸಾಗಲಿಲ್ಲ. ಕುರ್ಚಿ ತೋರಿಸಿದರು.

"ಸ್ವಲ್ಪ ಅಸಡ್ಡೆ, ಸ್ವಲ್ಪ ಸದರ, ಮೇಲೊಂದು ನಗು. ಎದುರಿಗಿರೋರಿಗೆ ದೊಡ್ಡದಾಗಿರೋದನ್ನ ಏನೂ ಅಲ್ಲ ಅಂತ ಹಾರಿಸಿಬಿಡೋದು. ಎಲ್ಲಿ, ಒಂದು ವಾಕ್ಯ ಮಾಡು."

ಅವನು ತಲೆ ಕೆರೆದುಕೊಂಡ. "ಮೇಡಂ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದಾಗ ನಾನು ಉಡಾಫೆಯ ಮಾತಾಡಿದೆ."

"ವಾಕ್ಯ ಸರಿಯಿದೆ." ಅವರ ದನಿ ಇಳಿಯಿತು. "ಒಳಗೆ ದೀಪಾನೂ ಹೋಗಿತ್ತಪ್ಪ. ನೆಲದ ಮೇಲೇ ಕೂತ್ಬಿಟ್ಟಿದ್ದೆ. ಇಲ್ಲಿಗೆ ಮುಗೀತು ಅಂದ್ಕೊಂಡೆ. ಮಗಳಿಗೂ ಹೇಳಿಲ್ಲ ಇದನ್ನ."

"ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಒಂದ್ಸಲ ಹಾಗೇ ಸಿಕ್ಕಾಕ್ಕೊಂಡಿದ್ದೆ," ಎಂದ ಅವನು. "ಈಚೆ ಬಂದ ತಕ್ಷಣ ಜೋಕ್ ಹೊಡ್ದೆ, ಹೆದರಿದ್ದು ಯಾರಿಗೂ ಗೊತ್ತಾಗಬಾರ್ದು ಅಂತ. ಆಮೇಲೆ ಅದೇ ಚಾಳಿ ಆಗೋಯ್ತು. ತಪ್ಪಾಯ್ತು ಮೇಡಂ."

ಅವರು ಅವನನ್ನೇ ನೋಡಿದರು. "ವಾರದಿಂದ ಮೆಟ್ಟಿಲು ಹತ್ತಿ ಇಳೀತಿದೀನಿ. ಮಂಡಿ ಹೋಯ್ತು."

"ನಡೀರಿ, ಜೊತೆಗೇ ಇಳಿಯೋಣ."

ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ ಅವರು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಾಯಿಗೆ ಬಂದ ತಮಾಷೆಯನ್ನು ಅವನು ನುಂಗಿಕೊಂಡ. ಎರಡನೇ ಮಹಡಿ ದಾಟಿದ ಮೇಲೆ ಅವರೇ ಕೇಳಿದರು: "ಯಾಕಪ್ಪ, ನೀನೂ ಹೆದರಿದೀಯಾ?"

"ನಿಮ್ಮ ಉಗುರಿಗೆ, ಮೇಡಂ."

ಅವರು ಗೊಳ್ಳೆಂದು ನಕ್ಕು ಕೈ ಸಡಿಲಿಸಿದರು.

ದೂರನ್ನು ಹಿಂತೆಗೆದುಕೊಳ್ಳಿ ಎಂದು ಅವನು ಕೇಳಲಿಲ್ಲ, ಅವರೂ ತೆಗೆದುಕೊಳ್ಳಲಿಲ್ಲ. ತಪ್ಪೊಪ್ಪಿಕೊಂಡು ಎರಡು ಸಾಲು ಬರೆದುಕೊಟ್ಟ. ಕಂಪನಿ ಎಚ್ಚರಿಕೆ ಕೊಟ್ಟು ಬಿಟ್ಟಿತು. ಆದರೆ ಅವತ್ತು ಕೆಳಗಿಳಿದ ಮೇಡಂ ಹೊರಗೆ ಹೋಗಲೇ ಇಲ್ಲ. "ಇನ್ನೊಂದ್ಸಲ," ಎಂದು ತಾವೇ ನಾಲ್ಕರ ಗುಂಡಿ ಒತ್ತಿದರು.