ಹೆಣ ತೋರಿಸು

"ಹೆಣ ಎಲ್ಲಿ? ಒಂದು ಹಿಡಿ ಸತ್ತ ಜೇನುಹುಳ ತೋರ್ಸು ಪುಟ್ಟಿ, ಈ ಔಷಧಿ ನಿಲ್ಲಿಸ್ತೀನಿ" ಎಂದ ಅಣ್ಣ, ಕಿತ್ತಳೆ ಗಿಡಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು.

ಅರ್ಧ ತಲೆ ನೆರೆತ ಮೇಲೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. ತೋಟ ಅಣ್ಣನದು, ಬೇಲಿ ಪಕ್ಕದ ಜೇನುಪೆಟ್ಟಿಗೆಗಳು ಅವಳವು. ಗಂಡ ಬಿಟ್ಟುಹೋದ ಮೇಲೆ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಉಳಿದದ್ದು ಅವಷ್ಟೇ.

"ಅಲ್ಲೇ ಬಿದ್ದು ಸಾಯಲ್ಲ ಅಣ್ಣ, ಅದೇ ಕಷ್ಟ. ನೀನು ಬುಡಕ್ಕೆ ಸುರಿದದ್ದು ಹೂವಿಗೆ ಏರುತ್ತೆ. ಅದನ್ನ ಕುಡಿದವು ದಾರಿ ಮರೀತವೆ. ಪೆಟ್ಟಿಗೆಗೆ ವಾಪಸ್ ಬರಲ್ಲ."

"ಮನೆ ದಾರಿ ಮರೆಯೋಕೆ ಅವೇನು ನಿನ್ನ ಗಂಡನಾ?" ಎಂದಳು ಅತ್ತಿಗೆ, ಬುಟ್ಟಿ ಕೆಳಗಿಡುತ್ತ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಆ ಮನೆಯಲ್ಲಿ ನಗದಿದ್ದರೆ ಮುಖ ಊದಿಸಿಕೊಂಡಳು ಎನ್ನುತ್ತಿದ್ದರು.

ಅವರು ಹೋದ ಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ರಾಣಿ ಏನೂ ಆಗಿಲ್ಲವೆಂಬಂತೆ ಮೊಟ್ಟೆ ಇಡುತ್ತಲೇ ಇತ್ತು. ಉಣಿಸುವವರಿಲ್ಲದೆ ಮರಿಗಳು ಗೂಡಿನಲ್ಲೇ ಒಣಗುತ್ತಿದ್ದವು. ಹೊರಗೆ ನೀರಿನ ತೊಟ್ಟಿಯ ಮೇಲೆ ನಾಲ್ಕಾರು ಜೇನುನೊಣಗಳು ಸುಮ್ಮನೆ ಸುತ್ತು ಹೊಡೆಯುತ್ತಿದ್ದವು. ಸತ್ತವನ್ನು ಹುಡುಕಲು ಹುಲ್ಲಿನಲ್ಲಿ ಮಂಡಿಯೂರಿ ತೆವಳಿದಳು. ಎಲ್ಲೆಲ್ಲೋ ಒಂಟಿಯಾಗಿ ಬಿದ್ದವನ್ನು ಇರುವೆಗಳು ಎಳೆದೊಯ್ದಿದ್ದವು. ಒಂದು ಹಿಡಿ ಹೋಗಲಿ, ಒಂದು ಚಿಟಿಕೆಯೂ ಸಿಗಲಿಲ್ಲ. ನಾಳೆ ಮತ್ತೆ ಔಷಧಿ ಸುರಿಯುವವರಿದ್ದರು.

ಕೇಳಿದ್ದು ಹೆಣ ತಾನೇ, ಎಂದುಕೊಂಡಳು.

ಹೊತ್ತು ಇಳಿಯುವಾಗ ಸೋಪಿನ ನೀರಿನ ಬೋಗುಣಿ ಹಿಡಿದು ಪೆಟ್ಟಿಗೆಯ ಬಾಯಿಯ ಮುಂದೆ ಕುಳಿತಳು. ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಬಂದಿಳಿದವನ್ನು ಬ್ರಷ್ಷಿನಿಂದ ನೀರಿಗೆ ತಳ್ಳಿದಳು. ಕೈಗೆ ಸಿಕ್ಕವು ದಾರಿ ನೆನಪಿದ್ದವು ಮಾತ್ರ. ಮರೆತವು ಬಂದಿದ್ದರೆ ಈ ಪಾಡೇಕೆ? ಅದು ಅವಳಿಗೆ ಗೊತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮನೆ ಸೇರಿದವರನ್ನು ಹೊಡೆಯುವುದು ಇಷ್ಟು ಸುಲಭ ಎಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಎದೆಯೊಳಗೆ ಏನೋ ಹಗುರವೂ ಆಯಿತು. ಆ ಹಗುರಕ್ಕೇ ಅವಳು ಹೆದರಿದಳು.

ಬೆಳಿಗ್ಗೆ, ಬಟ್ಟೆಯ ಮೇಲೆ ಹರವಿ ಒಣಗಿಸಿದ್ದನ್ನು ಪೆಟ್ಟಿಗೆಗಳ ಮುಂದೆ ಚೆಲ್ಲಿ ಅಣ್ಣನನ್ನು ಕರೆದಳು. ಅವನು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಕೆದಕಿದ.

"ಅಬ್ಬಾ! ನೀನು ಹೇಳಿದ್ದು ನಿಜ ಕಣೇ."

ಅವಳ ಉಸಿರು ಸಡಿಲವಾಯಿತು. "ಹಾಗಾದ್ರೆ ನಿಲ್ಲಿಸ್ತೀಯಾ?"

"ಹುಚ್ಚೀ! ಜೇನನ್ನೇ ಹೀಗೆ ಮಲಗಿಸಿದ್ರೆ ಎಲೆ ತಿನ್ನೋ ಹುಳ ಉಳಿಯುತ್ತಾ? ಮಾಲು ಅಂದ್ರೆ ಇದು. ನೀನು ಪೆಟ್ಟಿಗೆ ಎತ್ಕೊಂಡು ಹೋಗು. ಅವುಗಳ ಪಾಪ ನನಗ್ಯಾಕೆ?"

"ಎಲ್ಲಿಗೆ ಹೋಗ್ಲಿ?"

"ಅದು ನನಗೇನು ಗೊತ್ತು?"

ಅವಳಿಗೆ ಬೇರೇನೂ ಹೊಳೆಯಲಿಲ್ಲ. "ಇವನ್ನ ನಾನೇ ಕೊಂದೆ ಅಣ್ಣ. ಸೋಪಿನ ನೀರಲ್ಲಿ."

ಅತ್ತಿಗೆ ಒಂದನ್ನು ಎತ್ತಿ ಮೂಸಿದಳು. "ಹೌದ್ರೀ. ಒಗೆದು ಒಣಗಿಸಿದಾಳೆ, ಇಸ್ತ್ರಿ ಒಂದು ಬಾಕಿ."

ಅಣ್ಣನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಂದ್ರೆ ನನ್ನ ಔಷಧಿಯಿಂದ ಒಂದೂ ಸತ್ತಿಲ್ಲ! ನೀನೇ ಹೇಳ್ತಿದೀಯ. ಸರಿ, ಪೆಟ್ಟಿಗೆ ಇಲ್ಲೇ ಇರ್ಲಿ ಬಿಡು, ಯಾರು ಬೇಡ ಅಂದ್ರು?"

"ದಾರಿ ಮರೀತವೆ ಅಂದೆನಲ್ಲ—"

"ಮತ್ತೆ ಶುರು ಮಾಡ್ಬೇಡ."

ಅವನು ಔಷಧಿ ಕಲಸಿಟ್ಟಿದ್ದ ಡ್ರಮ್ಮಿನ ನಲ್ಲಿ ತಿರುಗಿಸಿದ. ಅತ್ತಿಗೆ ತುಂಬಿದ ಬಕೆಟ್ಟನ್ನು ಅವಳ ಕಾಲ ಬಳಿ ತಂದಿಟ್ಟಳು. "ಇವತ್ತು ಆಳು ಬಂದಿಲ್ಲ. ಸುಮ್ನೆ ನಿಂತಿರೋ ಬದಲು ಆ ಸಾಲಿಗೆ ನೀನು ಹಾಕ್ಬಿಡು."

ಇಲ್ಲ ಎಂದರೆ ಪೆಟ್ಟಿಗೆಗಳು ಬೇಲಿಯ ಆಚೆ. ಅವಳು ಬಕೆಟ್ ಎತ್ತಿಕೊಂಡಳು. ಮೊದಲ ಗಿಡದ ಬುಡಕ್ಕೆ ಬಗ್ಗಿದಾಗ ಮೇಲೆ ಹೂವಿನಲ್ಲಿ ಗುಂಯ್ ಎನ್ನುವ ಸದ್ದು ಕೇಳಿಸಿತು. ಅವಳು ತಲೆ ಎತ್ತದೆ, ಮಣ್ಣು ಹೀರಿಕೊಳ್ಳುವಷ್ಟು ನಿಧಾನವಾಗಿ ಸುರಿದಳು.