ಗೋಡೆಯಾಚೆಯ ರೊಟ್ಟಿ ಸದ್ದು

ನನಗೆ ಬಾಯಿ ಜಾಸ್ತಿ, ಬುದ್ಧಿ ಕಡಿಮೆ. ನನ್ನ ಹೆಂಡತಿ ವೀರವ್ವ ಮೂವತ್ತು ವರ್ಷದಿಂದ ಹೇಳುತ್ತ ಬಂದ ಮಾತಿದು. ನಾನು ಒಪ್ಪಿಕೊಂಡದ್ದು ಮಾತ್ರ ಹೋದ ತಿಂಗಳು.

ಆಕೆಯ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಆಕೆಯ ನಿದ್ದೆ ಹಾರಿಹೋಗಿತ್ತು. "ಆಪರೇಷನ್ನಿಗೆ ಮತ್ತು ಬರೋ ಔಷಧ ಕೊಟ್ಟಮ್ಯಾಲೆ ನಾ ಏಳದಿದ್ರ?" ಎಂದು ಕೇಳುತ್ತಿದ್ದಳು. "ಎದ್ದ ಏಳ್ತಿ, ಸುಮ್ನ ಮಲ್ಕೊ" ಎಂದು ಗದರುತ್ತಿದ್ದೆ. ಗದರಿದರೆ ಯಾರಿಗಾದರೂ ನಿದ್ದೆ ಬರುತ್ತದೆಯೇ? ಹುಬ್ಬಳ್ಳಿಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ನಮ್ಮೂರು ಯಲವಿಗಿಗೆ ಕರೆತಂದ ಮೇಲೆ ಎಡಮಗ್ಗುಲಾಗುವಂತಿಲ್ಲ, ಕೈ ಎತ್ತುವಂತಿಲ್ಲ. ಕ್ಯಾನ್ಸರಿನ ಮುಂದಿನ ಔಷಧ ತಡೆದುಕೊಳ್ಳಲು ತ್ರಾಣ ಬೇಕು, ಮೊದಲು ನಿದ್ದೆ ಮಾಡಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನಾನು ಸದ್ದನ್ನೆಲ್ಲ ಬಂದ್ ಮಾಡಿಸಿದೆ. ಟಿವಿ ಬಂದ್. ಮಾತಾಡಿಸಲು ಬಂದವರಿಗೆ ಕಟ್ಟೆಯ ಮೇಲೇ ಚಹಾ. ಮನೆಯ ಹತ್ತಿರವೇ ಹಾಯುವ ರೈಲು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ, ಬಿಟ್ಟೆ. ಪಕ್ಕದ ಮನೆಯ ಹಾಜರಾಬಿ ಸವಣೂರಿನ ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿಯುತ್ತಾಳೆ. ನಡುವೆ ಇರುವುದು ಒಂದೇ ಗೋಡೆ. "ನಾಕ ದಿನ ಬ್ಯಾರೆ ಕಡೆ ಬಡಿಯವಾ ತಂಗಿ" ಎಂದೆ. ಪಾಪ, ಮರುಮಾತಾಡದೆ ರೊಟ್ಟಿ ಬಡಿಯುವ ಕಲ್ಲು ಹೊತ್ತು ಓಣಿಯ ಕೊನೆಯಲ್ಲಿರುವ ತನ್ನ ಅಕ್ಕನ ಮನೆಗೆ ಹೋದಳು.

ಮನೆ ತಣ್ಣಗಾಯಿತು. ವೀರವ್ವನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು.

"ನೋಯಾಕತ್ತೈತೇನು?"

"ಹಾಜರಾಬಿ ನನ್ನ ರೋಗಕ್ಕ ಹೇಸಿ ದೂರಾದ್ಲರಿ. ಗ್ವಾಡಿ ಆಚಿ ಆಕಿ, ಈಚಿ ನಾನು, ಇಪ್ಪತ್ತು ವರ್ಷ ಕೂಡೇ ರೊಟ್ಟಿ ಬಡದೇವಿ. ಕಣ್ಣ ಮುಚ್ಚಿದ್ರ ಅದಾ ವಿಚಾರ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಆಕೆ ನೋಡಿದ ನೋಟಕ್ಕೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಯಲ್ಲಿ ಓಡಿದೆ.

"ಅಣ್ಣಾರ, ನಿದ್ದಿ ಆಕೀದು. ಆಕೀನ್ನ ಒಂದ ಮಾತು ಕೇಳಬೇಕಿತ್ತಿಲ್ರಿ?" ಎಂದಳು ಹಾಜರಾಬಿ.

"ತಪ್ಪಾತವಾ. ಬಾ" ಎಂದೆ.

ಬಂದವಳು ಮೊದಲು ವೀರವ್ವನ ಬಲಗೈ ಹಿಡಿದು ಕುಳಿತಳು. ಇಬ್ಬರೂ ಅತ್ತರು, ನನ್ನನ್ನು ಬೈದರು, ನಕ್ಕರು. ಆಮೇಲೆ ಗೋಡೆಯಾಚೆ ಪಟಪಟ ಶುರುವಾಯಿತು. "ಇದು ದಪ್ಪಾತು" ಎಂದಳು ವೀರವ್ವ. ಇನ್ನೊಂದಕ್ಕೆ, "ಇದು ಚಲೋ ಆತು." ಮೂರನೆಯದಕ್ಕೆ ಮಾತಿಲ್ಲ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ರೈಲು ಹೋಯಿತು, ಏಳಲಿಲ್ಲ. ನನಗೆ ಕಣ್ಣೀರು ಬಂತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಹೊತ್ತು ಇಳಿದರೂ ಸದ್ದು ನಿಂತಿರಲಿಲ್ಲ. ಹೋಗಿ ನೋಡಿದರೆ ಒಲೆ ಆರಿತ್ತು, ಬುಟ್ಟಿ ತುಂಬಿತ್ತು. ಹಾಜರಾಬಿ ಕೆಂಪೇರಿದ ಅಂಗೈಯಿಂದ ಬರಿಗಲ್ಲು ಬಡಿಯುತ್ತಿದ್ದಳು.

"ಹಿಟ್ಟು ಯಾವಾಗ್ಲೋ ಮುಗೀತ್ರಿ. ನಿಲ್ಸಿದ್ರ ವೀರವ್ವಕ್ಕ ಎದ್ದಾಳಂತ..."

ಕೈಮುಗಿದು, ಆಕೆಯನ್ನು ಸರಿಸಿ, ನಾನೇ ಕುಳಿತು ಬಡಿಯತೊಡಗಿದೆ.

ಗೋಡೆಯಾಚೆಯಿಂದ ವೀರವ್ವನ ನಿದ್ದೆ ತುಂಬಿದ ದನಿ ಬಂತು. "ಹಾಜರಾ, ಅವರನ್ನ ಕಲ್ಲಿನ ಮುಂದಿಂದ ಎಬ್ಬಿಸವಾ. ಆ ಬಡಿತಕ್ಕ ರೊಟ್ಟಿ ಎಲ್ಲಾ ಹರೀತಾವ!"

ಬೈಸಿಕೊಂಡು ನಾನು ಯಾವತ್ತೂ ಅಷ್ಟು ಸುಖಪಟ್ಟಿರಲಿಲ್ಲ.